ಹದಿನೇಳು ಹ್ಯಾಂಡು

೪ ಡಿಸೆಂಬರ್ ೧೯೩೪. ಬೆಳಿಗ್ಗೆ ೭
ಕಾಫಿ ತೋಟದ ಮಸ್ಟರ್ ಹಾಜರಿ ಮುಗಿಯಿತು. ಎಂಬತ್ತೆರಡು ಆಳು. ತೋಟದ ಇಂಗ್ಲಿಷ್ ದೊರೆ ಕೇಳುವುದು ‘ಎಷ್ಟು ಹ್ಯಾಂಡ್ಸ್’ ಎಂದು. ಒಬ್ಬರಿಗೆ ಒಂದೇ ಕೈಯ ಲೆಕ್ಕ!

ನಾನು ಕೂಡಿಡುತ್ತಿರುವ ‘ಹ್ಯಾಂಡ್’ ಮಾತುಗಳಲ್ಲಿ ಇವತ್ತಿನ ಹೊಸದು — ಸೆಕೆಂಡ್‌ಹ್ಯಾಂಡ್. ದೊರೆಯ ಮೋಟಾರು ಹಾಗಂತೆ. ಹ್ಯಾಂಡ್‌ಬಿಲ್, ಹ್ಯಾಂಡ್‌ರೈಟಿಂಗ್, ಹ್ಯಾಂಡ್‌ಕಫ್... ಒಟ್ಟು ಹದಿನಾರಾಯಿತು. ಒಂದು ಪುಟ್ಟ ಮಾತಿನಿಂದ ಎಷ್ಟು ಕೆಲಸ ತೆಗೆಯುತ್ತಾರೆ ಈ ಜನ! ಇಂಗ್ಲಿಷ್ ಕೈವಶವಾದರೆ, ಲೆಕ್ಕ ಬರೆಯುವ ಈ ರೈಟರು ಹೆಡ್ ರೈಟರ್ ಆಗಬಹುದು. ಪಾಲಿಬೆಟ್ಟದಲ್ಲಿ ಹೆಂಡತಿಮಕ್ಕಳಿಗೆ ಒಂದು ಮನೆ.

೯ ಡಿಸೆಂಬರ್
ಕಣದಲ್ಲಿ ಚೋಮಿ. ಮೂವತ್ತು ವರ್ಷದಿಂದ ಕಾಫಿ ಒಣಗಿಸುತ್ತಿರುವವಳು. ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಕುಲುಕುತ್ತಾಳೆ. ಸದ್ದು ಕೇಳಿ, ಇನ್ನೆಷ್ಟು ಬಿಸಿಲು ಬೇಕೆಂದು ಹೇಳುತ್ತಾಳೆ. ನಾನೂ ಕುಲುಕಿದೆ. ಏನೂ ತಿಳಿಯಲಿಲ್ಲ. ಅವಳು ನಕ್ಕಳು.

ಇಂಥ ಪಳಗಿದವರಿಗೆ ಓಲ್ಡ್ ಹ್ಯಾಂಡ್ ಎನ್ನುತ್ತಾರಂತೆ. ದೊರೆಯೇ ಹೇಳಿದರು. ಹದಿನೇಳು. ಎಲ್ಲದರಲ್ಲೂ ಇದೇ ಚೆಂದ.

೧೫ ಡಿಸೆಂಬರ್
ಕಂಪೆನಿಯ ಆರ್ಡರ್. ಹಣ್ಣು ಕೊಯ್ಯುವ ಪಿಕಿಂಗಿನಲ್ಲಿ ಬುಟ್ಟಿ ತುಂಬಿಸಲಾಗದ ಮುದುಕರ ಹೆಸರು ಜನವರಿ ಕೊನೆಗೆ ತೆಗೆಯಬೇಕು. ಪಟ್ಟಿಯಲ್ಲಿ ಚೋಮಿಯೂ ಇದ್ದಾಳೆ. ಹೆಸರು ಹೋದರೆ ಆಳುಗಳ ಲೈನಿನಲ್ಲಿ ಅವಳಿರುವ ಕೋಣೆಯೂ ಹೋಗುತ್ತದೆ. ಅವಳಿಗೆ ಬೇರೆ ಯಾರೂ ಇಲ್ಲ.

ಕಣದ ಕೆಲಸಕ್ಕಾದರೂ ಇಟ್ಟುಕೊಳ್ಳಿ ಎಂದು ಕೇಳಿಕೊಂಡೆ. ‘ಮೈ ಹ್ಯಾಂಡ್ಸ್ ಆರ್ ಟೈಡ್’ ಎಂದರು ದೊರೆ, ಕೈ ಕಟ್ಟಿಹೋಗಿದೆಯಂತೆ. ಸೊಗಸಾದ ಮಾತೇ. ಬರೆದುಕೊಳ್ಳಲು ಮನಸ್ಸಾಗಲಿಲ್ಲ.

೨೨ ಡಿಸೆಂಬರ್
ಗಾಡಿಗಳು ಬಂದು ನಿಂತಿದ್ದವು. ಹನ್ನೆರಡು ಮೂಟೆ ಇವತ್ತೇ ಹೋಗಬೇಕು. ಚೋಮಿ ಕುಲುಕಿ ನೋಡಿ ತಲೆಯಾಡಿಸಿದಳು.

“ಇದು ಒಣಗ್ಲಿಲ್ಲ ರೈಟ್ರೆ. ಇನ್ನೂ ಎರಡು ಬಿಸ್ಲು ಬೇಕು.”

ಗಾಡಿಯವರದು ಅವಸರ. ನನ್ನದೂ. ಒಣಗಿದೆ, ತುಂಬಿ ಎಂದೆ. ಅವಳು ಮೂಟೆಯ ಬಾಯಿ ಹೊಲಿಯಲು ಕೂತಳು.

೮ ಜನವರಿ ೧೯೩೫
ಕಾಫಿ ಹಸನು ಮಾಡುವ ಕ್ಯೂರಿಂಗ್ ಕಾರ್ಖಾನೆಯಿಂದ ಕಾಗದ. ಹನ್ನೆರಡೂ ಮೂಟೆ ಬೂಷ್ಟು ಹಿಡಿದು ವಾಸನೆ ಬಂದಿದೆಯಂತೆ. ಮಸ್ಟರಿನಲ್ಲೇ ದೊರೆ ಕೇಳಿದರು — ಒಣಗಿದೆ ಎಂದವರು ಯಾರು?

ನಾನು ತಲೆ ತಗ್ಗಿಸಿ ಮಸ್ಟರ್ ಪುಸ್ತಕ ನೋಡುತ್ತಿದ್ದೆ. ಚೋಮಿ ಮುಂದೆ ಬಂದು, ನಾನೇ ದೊರೆ, ಎಂದಳು. ತಿಂಗಳ ಕೊನೆಯವರೆಗೂ ಬೇಡ, ನಾಳೆ ಸಂಜೆಯೊಳಗೆ ಕೋಣೆ ಖಾಲಿ ಮಾಡು ಎಂದರು.

ಆಮೇಲೆ ಲೈನಿಗೆ ಹೋದೆ. ಚಾಪೆ ಸುತ್ತುತ್ತಿದ್ದಳು. ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ.

“ನನ್ನ ಹೆಸ್ರು ಹೇಗೂ ಹೋಗ್ತದೆ. ಎರಡು ಹೆಸ್ರು ಯಾಕೆ ಹೋಗ್ಬೇಕು? ನಿಮ್ಗೆ ಮಕ್ಕಳುಂಟು.”

ನಾಚಿಕೆಯಾಯಿತು. ಇಷ್ಟು ದೊಡ್ಡ ಮನಸ್ಸಿನವಳನ್ನು ನಾನು ನೋಡಿಲ್ಲ. ಮೂವತ್ತು ವರ್ಷ ಕಣದಲ್ಲಿ ಒಂದು ಸುಳ್ಳೂ ಹೇಳದವಳು ಇವತ್ತು ಹೇಳಿದಳು. ನನಗಾಗಿ.

೯ ಜನವರಿ. ಬೆಳಿಗ್ಗೆ ೬
ದೊರೆಗೆ ಇಂಗ್ಲಿಷಿನಲ್ಲಿ ಕಾಗದ ಬರೆಯಲು ಕೂತೆ. ಮೂರು ಸಲ ಹರಿದೆ. ಬರೆದಷ್ಟೂ ತಪ್ಪು ಸಣ್ಣದಾಗಿ ಕಾಣುತ್ತಿತ್ತು. ಅವರಿಗೆ ಕನ್ನಡ ತಿಳಿಯುತ್ತದೆ. ಬಾಯಲ್ಲೇ ಹೇಳುವುದೆಂದು ಬಂಗಲೆಯ ಮೆಟ್ಟಿಲಲ್ಲಿ ಕಾದು ಕೂತಿದ್ದೇನೆ.

ಕೆಲಸ ಹೋಗಬಹುದು. ಹೋಗಲಿ... ಹೆಂಡತಿಗೆ ಏನು ಹೇಳುವುದೋ ಗೊತ್ತಿಲ್ಲ.

ಬಂಗಲೆಯ ಬಾಗಿಲು ತೆರೆಯಿತು. ದೊರೆ ವರಾಂಡಕ್ಕೆ ಬಂದರು. ಹೇಳಬೇಕಾದದ್ದು ಇಷ್ಟೇ — ಒಣಗಿಲ್ಲವೆಂದು ಚೋಮಿ ಹೇಳಿದ್ದಳು, ದೊರೆ. ತುಂಬಿಸಿದವನು —