ಗಂಟೆಗೆ ಮೂರು ಕಿಲೋಮೀಟರ್

ರವಿವಾರ, 20 ಅಕ್ಟೋಬರ್. ಸಂಜಿ 5

ಗೊರಾಯಿ ಖಾಡಿ, ಸಮುದ್ರದ ನೀರು ಒಳಗ ಬಂದು ಹೋಗೋ ಹಿನ್ನೀರು. ಗಾಳಕ್ಕ ಮೂರು ಮೀಟರ್ ಮುಳಗೋ ಡೈವರ್, ಹಸಿರು ಬೆನ್ನಿನ ಪ್ಲಾಸ್ಟಿಕ್ ಮೀನು. ದಾರ ಇಪ್ಪತ್ತೈದು ಮೀಟರ್ ಹಿಂದ. ದೋಣಿ ಸ್ಪೀಡ್ 5.5 — ಏನಿಲ್ಲ. 4.8ಕ್ಕ ಒಂದು ಬಡಿತ. ಹಿಡೀಲಿಲ್ಲ.

ಧರ್ಮಣ್ಣ ಎಂಜಿನ್ ಭಾಳ ಜೋರ್ ಓಡಸ್ತಾನ. ಚೆಂಬೂರಿನಾಗ ಹೋಟ್ಲ ಮ್ಯಾನೇಜರ್, ಎಲ್ಲಾದ್ರಾಗೂ ಗಡಿಬಿಡಿ. ಜಿತಾಡ ಮೀನು ನಿನ್ನ ಗಿರಾಕಿ ಅಲ್ಲೋ, ಬಡಾಬಡಾ ಟೇಬಲ್ ಖಾಲಿ ಮಾಡ್ಸಾಕ, ಅಂದೆ. "ಮೀನು ತಿನ್ನದ ಜನ ನೀವು, ಅದರ ಹಸಿವು ನಿಮಗೆ ಹೇಗೆ ಗೊತ್ತು ಮಾರಾಯ್ರೆ?" ಅಂದ.

ಖರೇನ. ಕೊರಳಾಗ ಲಿಂಗ, ಕೈಯಾಗ ಗಾಳ. ಸಿಕ್ಕದ್ದು ತಿನ್ನೂದಿಲ್ಲ, ಮನಿಗೆ ತರೂದಿಲ್ಲ. ಧಕ್ಕೆ ಮ್ಯಾಲೆ ದೋಣಿ ಕಾಯೋ ರೋಶನ್‌ಗ ಕೊಟ್ಟು ಬರ್ತೀವಿ. ನನಗ ಬೇಕಾದ್ದು ಲೆಕ್ಕ. ಮೂವತ್ನಾಕು ವರ್ಷ ವಿಕ್ರೋಳಿ ಫ್ಯಾಕ್ಟರಿಯ ಟೂಲ್ ರೂಮಿನಾಗ ಕಳದಾಂವ. ಡೈವರ್‌ದು ಪ್ಲಾಸ್ಟಿಕ್ ತುಟಿ ಎಷ್ಟು ಡಿಗ್ರಿ ಬಗ್ಗಿದ್ರ ಎಷ್ಟು ಆಳ ಮುಳಗ್ತದ, ಎಷ್ಟು ಸ್ಪೀಡಿಗೆ ಜೀವ ಇದ್ದಂಗ ನಡಗ್ತದ — ಅದು ಕೈಗೆ ಹತ್ತಿದ್ರ ಆ ದಿನ ಊಟ ಬ್ಯಾಡ.

ಮನಿಯಾಕಿ ದಾನವ್ವಗ ಹೇಳಿದ್ದು: ಕನ್ನಡ ಸಂಘದ ಕಮಿಟಿ ಮೀಟಿಂಗ್. ಧರ್ಮಣ್ಣ ತನ್ನ ಹೆಂಡತಿ ಅಕ್ಕುಗ ಹೇಳಿದ್ದೂ ಅದನ. ಮೇ ತಿಂಗಳಾಗ ಅಂವಗ ಹಾರ್ಟಿಗೆ ಸ್ಟೆಂಟ್ ಹಾಕ್ಯಾರ. ಡಾಕ್ಟರ್ ದೋಣಿ ಬ್ಯಾಡ ಅಂದಾರ. ಅಕ್ಕು ಮಗನ ತಲಿ ಮ್ಯಾಲೆ ಕೈ ಇಡಿಸಿ ಆಣಿ ಮಾಡಿಸ್ಯಾಳ. ನಮ್ಮ ಒಪ್ಪಂದ ಸರಳ — ಅಕ್ಕು ಫೋನ್ ಬಂದ್ರ ನಾ ಎತ್ತೂದು, ದಾನವ್ವನ ಫೋನ್ ಬಂದ್ರ ಅಂವ. "ಮೀಟಿಂಗ್ ನಡದೈತಿ, ಇಲ್ಲೇ ಬಾಜೂಕ ಕುಂತಾರ." ಸಂಘದ ಮೆಟ್ಟಲಾ ಹತ್ತಿ ಇಬ್ಬರಿಗೂ ಎಂಟು ತಿಂಗಳಾತು.

ಬುಧವಾರ, 30 ಅಕ್ಟೋಬರ್

ಮಸ್ಜಿದ್ ಬಂದರಿಗೆ ಹೋಗಿ ಎರಡು ಹೊಸಾ ಡೈವರ್. ಒಂದು ನಾಕು ಮೀಟರ್, ಒಂದು ಆರು. ಆರಿಂದು ಖಾಡಿಗೆ ಜಾಸ್ತಿ — ತಳದ ಕೆಸರಾಗ ಮೂತಿ ತುರುಕತೈತಿ. ನಾಕಿಂದ ಸರಿ. ಅಂಗಡಿಯಾಂವ ಆರಿಂದ ಒಯ್ರಿ ಒಯ್ರಿ ಅಂತ ಗಂಟು ಬಿದ್ದ. ತಗೊಂಡೆ, ಹುಚ್ಚ ನಾನು.

ಶೂ ಡಬ್ಬ್ಯಾಗ ಇಟ್ಟಿದ್ದೆ. ದೀಪಾವಳಿ ಸ್ವಚ್ಛ ಮಾಡಾಗ ದಾನವ್ವಗ ಡೈವರಿನ ಕೊಕ್ಕಿ ಕೈಬಟ್ಟಿಗೆ ನಟ್ಟಿತು. ರಕ್ತ. "ಇದೇನ್ರೀ, ಮೀನಿನಂಗ ಐತಿ?" ಟೂಲ್ ರೂಮಿನ ಹಳೆ ಸ್ಯಾಂಪಲ್, ಆಟಿಗಿ ಕಂಪನೀದು ಅಂದೆ. ನಂಬಿದಳು. ಅರಿಶಿಣ ಹಚ್ಚಿಕೊಂಡು ಮತ್ತ ಕಸ ಹೊಡದಳು. ಒಂದು ಸೆಕೆಂಡೂ ಯೋಚನಿ ಮಾಡದ ಸುಳ್ಳು ಬಂತು ಬಾಯಿಗೆ. ಮೊದಲ ಹಿಂಗ ಬರ್ತಿರಲಿಲ್ಲ.

ರವಿವಾರ, 3 ನವೆಂಬರ್

ಸಿಕ್ಕಿತು!! ಮೀನಲ್ಲ, ಗುಟ್ಟು. ಇಷ್ಟು ದಿನ ಮೊಬೈಲಿನ ಸ್ಪೀಡ್ ನಂಬಿ ಕೆಟ್ವಿ. ಮೊಬೈಲ್ ಹೇಳೂದು ನೆಲದ ಲೆಕ್ಕ. ಮೀನಿಗೇನು ಗೊತ್ತು ನೆಲ? ಭರತಿಗೆ ಎದುರು ಹೋಗಾಗ ಮೊಬೈಲ್ 2 ತೋರಸ್ತೈತಿ, ನೀರಾಗ ಡೈವರ್ 5ಕ್ಕ ಒದ್ದಾಡ್ತಿರ್ತೈತಿ. ಇಳತದ ಜೋಡಿ ಹೋಗಾಗ ಉಲ್ಟಾ. ದೋಣಿ ಎಂಜಿನ್ ಬಂದ್ ಮಾಡಿ ಸುಮ್ಮನ ಬಿಟ್ಟು ನೋಡಿದ್ವಿ. ಬರೇ ನೀರ ಒಯ್ದಿದ್ದು ಗಂಟೆಗೆ ಮೂರು ಕಿಲೋಮೀಟರ್. ಅದನ್ನ ಕಳೀಬೇಕು, ಇಲ್ಲಾ ಕೂಡಿಸ್ಬೇಕು.

ಕೂಡಿಸಿ ಕಳದು 3.2 ಹಿಡದ್ವಿ. ಹತ್ತು ನಿಮಿಷದಾಗ ಜಿತಾಡ. ಐದು ಕಿಲೋ ತೂಕ. ಧರ್ಮಣ್ಣ ಕುಣಿದ, ದೋಣಿ ಅಲಗಾಡಿತು. "ನಿಮ್ಮ ತಲೆಯನ್ನು ಮ್ಯೂಸಿಯಮ್‌ನಲ್ಲಿ ಇಡಬೇಕು" ಅಂದ. ಇಡೀ ಲೋಕಲ್ ಟ್ರೇನಿನಾಗ ಒಬ್ಬಾಂವ ನಕ್ಕೋತ ಬಂದೆ.

ರವಿವಾರ, 17 ನವೆಂಬರ್

ಬರೀಬಾರದು ಅನ್ಸ್ತೈತಿ. ಬರೀತೀನಿ.

ಖಾಡಿ ಸಮುದ್ರ ಕೂಡೋ ಬಾಯಿ ಹತ್ರ ಧರ್ಮಣ್ಣ ಸುಮ್ಮನಾದ. ಅಂವ ಸುಮ್ಮನಾಗೋ ಮನಶ್ಯಾನ ಅಲ್ಲ. ನೋಡ್ತೀನಿ, ಮುಖ ಬೂದಿ. ಅಂಗಿ ಎಲ್ಲಾ ಬೆವರು, ಗಾಳಿ ತಂಪಿತ್ತು. "ಗ್ಯಾಸ್... ಬೆಳಿಗ್ಗೆ ಬನ್ಸ್ ತಿಂದದ್ದು" ಅಂದ. ಮಾತ್ರಿ ನಾಲಿಗಿ ಬುಡಕ ಇಟ್ಟುಕೊಂಡ.

ಅವಾಗ ಫೋನ್. ಅಕ್ಕು. ಅಂವ ಕಣ್ಣು ಮುಚ್ಚಿ ಕೈ ಮಾಡಿದ, ನೀವ ಮಾತಾಡ್ರಿ ಅಂತ.

"ಅಣವೀರಣ್ಣ, ಇವರು ಫೋನ್ ಎತ್ತುವುದಿಲ್ಲ, ಎಂಥದು?"

ಮೀಟಿಂಗ್ ನಡದೈತಿ ಅಕ್ಕು, ಬಾಜೂಕ ಕುಂತಾರ, ಅಂದೆ. ಕುಂತಿದ್ದಂತೂ ಖರೇ. ಎಂಜಿನ್ ಸದ್ದು ಕೇಳಬಾರದಂತ ಬಂದ್ ಮಾಡಿದ್ದೆ. ದೋಣಿ ತಾನ ಹೊರಗ ಸರೀತಿತ್ತು.

ಅರ್ಧ ತಾಸಿಗೆ ಸುಧಾರಿಸಿಕೊಂಡ. ದಂಡಿ ಮುಟ್ಟಿದ ಮ್ಯಾಲೆ ಹೇಳಿದೆ — ಸಾಕಪ್ಪಾ, ಇನ್ನ ಬ್ಯಾಡ. "ಹೂಂ" ಅಂದ. ಅಂವನ "ಹೂಂ" ನನಗ ಗೊತ್ತೈತಿ.

ರವಿವಾರ, 24 ನವೆಂಬರ್

ಹೋಗಲಿಲ್ಲ. ಮನ್ಯಾಗ. ದಾನವ್ವ: "ಇವತ್ತ ಮೀಟಿಂಗ್ ಇಲ್ಲೇನ್ರಿ?" ಇಲ್ಲ ಅಂದೆ. ಬದುಕಿದೆ ಅಂದಳು, ಪರದೆ ಒಗ್ಯಾಕ ಹಚ್ಚಿದಳು.

ಶನಿವಾರ, 30 ನವೆಂಬರ್. ಸಂಜಿ

ಧರ್ಮಣ್ಣನ ಫೋನ್. ನಾಳೆ ಅಮಾಸಿ, ಖಾಡ್ಯಾಗ ನೀರು ಜೋರ್ ಇರ್ತೈತಿ, ಬರ್ತೀರಾ? ಆಗೂದಿಲ್ಲಪ್ಪ — ಛಟ್ಟಿ ಅಮಾಸಿ, ದಾನವ್ವ ಜಂಗಮರನ್ನ ಊಟಕ್ಕ ಕರದಾಳ. ನೀನೂ ಹೋಗಬ್ಯಾಡ ಅಂದೆ. ಆ ರವಿವಾರದ ಮುಖ ಇನ್ನೂ ನನ್ನ ಕಣ್ಣಾಗ ಐತಿ ಅಂದೆ.

"ಹೋಗುವುದಿಲ್ಲ ಮಾರಾಯ್ರೆ. ಸುಮ್ಮನೆ ಕೇಳುವುದು — ಹೋದರೆ ಯಾವ ಡೈವರ್? ಯಾವ ಸ್ಪೀಡ್?"

ಸುಮ್ಮನೆ ಅಲ್ಲ ಅಂತ ನನಗ ಗೊತ್ತಿತ್ತು. ಆದರೂ ಹೇಳಿದೆ. ಕೇಳಿದ್ರ ಹಿಗ್ಗತೀನಿ, ಅದ ನನ್ನ ಖೋಡಿ. ನಾಕು ಮೀಟರಿಂದು. ಹನ್ನೆರಡಕ್ಕ ನೀರು ತಿರುಗತೈತಿ. ಇಳತದ ಜೋಡಿ ಬಾಯಿ ಕಡೆ ಹೋಗು, ನೀರಾಗ 3.2 ಹಿಡಿ, ಮೊಬೈಲಿನಾಗ 6ರ ಮ್ಯಾಲೆ ಕಾಣ್ತೈತಿ, ಗಾಬರಿ ಆಗಬ್ಯಾಡ.

ಬರಕೊಂಡ. ಪೆನ್ನಿನ ಸದ್ದು ಕೇಳಿಸ್ತು. "ಒಂದು ಗಂಟೆಗೆ ಧಕ್ಕೆಗೆ ವಾಪಸ್ ಬಂದಿರ್ತೇನೆ. ನಡುವೆ ಅಕ್ಕು ಫೋನ್ ಮಾಡಿದರೆ..." ಹೇಳ್ತೀನಿ ಬಿಡು ಅಂದೆ.

ರವಿವಾರ, 1 ಡಿಸೆಂಬರ್. 2.25

ಜಂಗಮರು ಈಗ ಹೋದರು. 2.10ಕ್ಕ ಹೋಳಗಿ ತಾಟಿನ ಮುಂದ ಕುಂತಾಗ ಅಕ್ಕು ಫೋನ್. ಗ್ಯಾಲರಿಗೆ ಎದ್ದು ಹೋದೆ. ಕೇಳೂಕಿಂತ ಮೊದಲ ಬಾಯಿ ಹೇಳ್ತು — ಮೀಟಿಂಗ್ ನಡದೈತಿ ಅಕ್ಕು, ಬಾಜೂಕ ಕುಂತಾರ. "ಹಾಗಾದರೆ ಸರಿ ಅಣ್ಣ" ಅಂದು ಇಟ್ಟಳು.

ಇಟ್ಟ ಮ್ಯಾಲೆ ಗಡಿಯಾರ ನೋಡಿದೆ. ಒಂದಕ್ಕ ಬರ್ತೀನಿ ಅಂದಿದ್ದ.

2.50

ಔಟ್ ಆಫ್ ರೇಂಜ್. ನಾಕು ಸಲ.

3.40

ಹೋಟ್ಲಿಗೆ ಫೋನ್ ಮಾಡಿದೆ, ಬಂದಿಲ್ಲ. ಗಲ್ಲಾದಾಗ ಮಗ ಪ್ರೀತಮ್ ಇದ್ದ — "ಪಪ್ಪಾ ತೋ ಆಪ್ಕೆ ಸಾಥ್ ಹೈ ನಾ, ಅಂಕಲ್?" ಹೂಂಪಾ, ನನ್ನ ಜೋಡಿನ ಅದಾನ ಅಂದೆ. ಮತ್ತ ಹೂಂ ಅಂದೆ! ನನ್ನ ನಾಲಿಗಿ ಕಿತ್ತ ಒಗೀಬೇಕು.

ರೋಶನ್‌ಗ ಫೋನ್. ಧರ್ಮಣ್ಣ ಹನ್ನೊಂದೂವರೆಗೆ ಒಬ್ಬಾಂವನ ಖಾಡಿ ಬಾಯಿ ಕಡೆ ಹೋಗ್ಯಾನ, ದೋಣಿ ವಾಪಸ್ ಬಂದಿಲ್ಲ. ನೋಡ್ತಿರು ಅಂದೆ. ಹಾರ್ಟ್ ಸುದ್ದಿ ಹೇಳಲಿಲ್ಲ. ಎಂಜಿನ್ ಕೈ ಕೊಟ್ಟಿರ್ಬೇಕು, ಬರ್ತಾನ, ಯಾಕ ಊರೆಲ್ಲಾ ಡಂಗುರ ಅಂತ. ದಾನವ್ವಗ ಸಂಘದಿಂದ ಅರ್ಜಂಟ್ ಫೋನ್ ಅಂದು ಚಪ್ಪಲ್ ಮೆಟ್ಟಿದೆ. "ಅಮಾಸಿ ದಿನ ಏನ್ ಮೀಟಿಂಗ್ರೀ, ಸುಡ್ಲಿ" ಅಂದಳು.

6.15. ಗೊರಾಯಿ ಧಕ್ಕೆ

ಬಸ್ಸಿನಾಗ ತಡಿಯಾಕ ಆಗಲಿಲ್ಲ. ಐದಕ್ಕ ರೋಶನ್‌ಗ ಫೋನಿನಾಗ ಎಲ್ಲಾ ಹೇಳಿದೆ — ಸ್ಟೆಂಟ್, ಆ ರವಿವಾರ, ಎಲ್ಲಾ. ಬೈದ. "ಮೂರು ನಲವತ್ತಕ್ಕೆ ಯಾಕೆ ಹೇಳಲಿಲ್ಲ, ಪಾಗಲ್!" ತಕ್ಷಣ ಎರಡು ದೋಣಿ ಬಿಟ್ಟಾನ, ಪೋಲೀಸರಿಗೂ ತಿಳಿಸ್ಯಾನ. ಇಲ್ಲೀತನಕ ಸುದ್ದಿ ಇಲ್ಲ. ಸೂರ್ಯ ಮುಳುಗ್ಯಾನ.

ಧಕ್ಕೆ ಮ್ಯಾಲೆ ಮೀನು ಹಿಡಿಯೋ ಕೋಳಿ ಜನದ ಒಬ್ಬ ಮುದುಕ ಕೇಳಿದ — ಎಷ್ಟು ದೂರ ಹುಡುಕೂದು? ವಹಿ ತೆಗದು ಲೆಕ್ಕ ಹಾಕಿದೆ. ಬ್ಯಾರೆ ಏನ್ ಬರ್ತೈತಿ ನನಗ. ಹನ್ನೆರಡಕ್ಕ ಇಳತ. ಎಂಜಿನ್ ಹಿಡಿಯೋ ಕೈ ಇಲ್ಲದಿದ್ರ, ಬರೇ ನೀರು ಒಯ್ದ್ರ, ಗಂಟೆಗೆ ಮೂರು.

ಅಕ್ಕು ಕೇಳಿದ 2.10ಕ್ಕ: ಆರೂವರೆ ಕಿಲೋಮೀಟರ್. ಬಿಸಲಿತ್ತು, ಹುಡುಕಾಕ ಹೋಗಿದ್ರ ಕಾಣ್ತಿತ್ತು.
ರೋಶನ್ ದೋಣಿ ಬಿಟ್ಟ ಐದಕ್ಕ: ಹದಿನೈದು.
ಈಗ ಹದಿನೆಂಟರ ಮ್ಯಾಲೆ, ಕತ್ತಲಿ.

ಮೂರು ಸಲ ತಿದ್ದಿದೆ. ಅಷ್ಟ ಬರ್ತೈತಿ. ಮುದುಕ ಹಾಳಿ ನೋಡಿದ, ಬೀಡಿ ಆರಿಸಿದ.

6.40

ಅಕ್ಕು ಫೋನ್.

"ಅಣವೀರಣ್ಣ, ಮೀಟಿಂಗ್ ಇನ್ನೂ ಮುಗಿಯಲಿಲ್ಲವಾ? ಇವರು ಮಾತ್ರೆ ಡಬ್ಬಿ ಮನೆಯಲ್ಲೇ ಬಿಟ್ಟು ಹೋಗಿದ್ದಾರೆ, ಈಗ ನೋಡಿದೆ. ನೀವು ಜೊತೆಗಿದ್ದೀರಲ್ಲ, ಅದಕ್ಕೇ ನಾನು ಹೆದರಲಿಲ್ಲ. ಫೋನ್ ಒಮ್ಮೆ ಅವರಿಗೆ ಕೊಡಿ."

ಒಂದ ನಿಮಿಷ ಅಕ್ಕು, ಅಂದೆ. ಫೋನ್ ತೊಡಿ ಮ್ಯಾಲೆ ಐತಿ. ಹಲೋ, ಹಲೋ ಅಂತಾಳ. ಬಾಯಿ ತೆರದ್ರ ಮತ್ತ ಮೀಟಿಂಗ್ ಅಂತೈತಿ. ಇಲ್ಲಿ ಬರದು, ನೋಡಿ ಓದ್ತೀನಿ. ಓದಾಕರೆ ಬರ್ತೈತಿ.

ಅಕ್ಕು, ನಾ ಮಧ್ಯಾಹ್ನ ನಿಮಗ