ಚೌಕಗಳಾದ ಪ್ರಶ್ನೆಪತ್ರಿಕೆ

ಶೈಲಾ,

ನಿನ್ನೆ ‘ಜಾಗ ಇಲ್ಲಂತ, ಸೇವ್ ಆಗವಲ್ದು ನೋಡ್ರಿ’ ಎಂದೆಯಲ್ಲ. ನಮ್ಮ ಕಂಪ್ಯೂಟರಿನ ಲಿನಕ್ಸಿನಲ್ಲಿ ಜಾಗ ಮಾಡಲು, ಅಕ್ಷರ ಮೂಡಿಸುವ ಫಾಂಟುಗಳಲ್ಲಿ ಬೇಡದವನ್ನು ತೆಗೆಯುತ್ತ ಕನ್ನಡದ್ದನ್ನೂ ತೆಗೆದುಬಿಟ್ಟೆ. ದಿನಾ ಷಟ್ಪದಿ ಕೇಳುವವನು ಮಾಡಿದ ಘನಕಾರ್ಯವಿದು.

ನಿನ್ನ ಪ್ರಶ್ನೆಪತ್ರಿಕೆ ಸೇವ್ ಆಗಿದೆ, ಅಳಿದಿಲ್ಲ, ಅಕ್ಷರಗಳು ಚೌಕಗಳಾಗಿ ಕಾಣುತ್ತಿವೆ, ಅಷ್ಟೇ. ಇಲ್ಲಿ ಏನೂ ತಿದ್ದಬೇಡ. ಅದನ್ನು ಹಾಕಿಟ್ಟ ಪೆನ್‌ಡ್ರೈವ್ ದೇವರ ಜಗಲಿಯ ಮೇಲಿದೆ. ಹತ್ತರೊಳಗೆ ಶಾಲೆಯ ಕಂಪ್ಯೂಟರಿನಲ್ಲಿ ಪ್ರಿಂಟ್ ತೆಗೆ, ಸರಿಯಾಗಿ ಬರುತ್ತದೆ.

ನಾನು ಹಂಪಿಗೆ ಹೊರಟೆ. ಸೋಮವಾರದ ದೇವರ ದರ್ಶನಕ್ಕೆಂದಷ್ಟೇ ಅಲ್ಲ, ನೀನು ಏಳುವುದರೊಳಗೆ ಮನೆ ಬಿಡೋಣವೆಂದು.

ಇಷ್ಟೆಲ್ಲ ಮಾಡಿ ಸಿಕ್ಕ ಜಾಗ ಚಿಟಿಕೆಯಷ್ಟು. ಡಿಸ್ಕಿನ ಮುಕ್ಕಾಲು ಪಾಲು ನಾನು ಕೇಳುವ ಪುರಾಣವಾಚನದ ರೆಕಾರ್ಡಿಂಗುಗಳೇ ತುಂಬಿವೆ. ಕಾವ್ಯದ ಒಂದೇ ಸಂಧಿಯ ವಾಚನ ಒಂಬತ್ತು ಸಲ ಇದೆ. ಅಳಿಸಲು ನನಗೆ ಕೈಯೇ ಬರಲಿಲ್ಲ. ಎಂಟನ್ನು ನೀನೇ ಅಳಿಸು. ಯಾವ ಎಂಟು ಎಂದು ಮಾತ್ರ ನನಗೆ ಹೇಳಬೇಡ.

ಹಂಪೇಶ