ಪ್ರಯಾಣದಲ್ಲಿದ್ದಾನೆ

ಬೈರೂತ್
೧೨ ಮಾರ್ಚ್ ೧೯೯೬

ನನ್ನ ಕಂದಾ ನಾಸಿಫ್,

ಹೇಗಿದ್ದೀಯಪ್ಪ? ಚಳಿಗೆ ಬೆನ್ನು ಹಿಡಿದುಕೊಳ್ಳುತ್ತಿತ್ತಲ್ಲ, ಈಗಲೂ ಹಾಗೇನಾ? ಚೆಕ್‌ಪೋಸ್ಟಿನಲ್ಲಿ ಆ ಬಂದೂಕಿನವರು ನಿನ್ನನ್ನು ಬಸ್ಸಿನಿಂದ ಇಳಿಸಿಕೊಂಡು ಹೋಗಿ ಹದಿಮೂರು ವರ್ಷವಾಯಿತು. ನಲವತ್ತರ ಹತ್ತಿರ ಬಂದಿರುತ್ತೀಯ. ನನ್ನ ಕಣ್ಣಿಗೆ ಮಾತ್ರ ಆವತ್ತಿನ ಹಸಿರು ಸ್ವೆಟರೇ ಕಟ್ಟಿದೆ. ನಾನು ಚೆನ್ನಾಗಿದ್ದೇನೆ, ಮಂಡಿನೋವೊಂದು ಬಿಟ್ಟು.

ಯುದ್ಧದಲ್ಲಿ ಸುಟ್ಟ ಮನೆಗಳಿಗೆ ಸರಕಾರ ಪರಿಹಾರ ಕೊಡುತ್ತಿದೆ. ಬೆಟ್ಟದ ಮೇಲಿನ ನಮ್ಮ ಮನೆಗೂ ಬರಬೇಕು. ನಾವೀಗ ಹೊಕ್ಕುಕೊಂಡಿರುವ ಕೋಣೆ ಯಾರದೋ. ತಿಂಗಳ ಕೊನೆಗೆ ಖಾಲಿ ಮಾಡಬೇಕು. ನಿನ್ನ ತಂಗಿ ನಜ್ಲಾ ಮೂರು ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುತ್ತಾಳೆ ಹೇಳು? ಮನೆ ನಿಮ್ಮಪ್ಪನ ಹೆಸರಿನಲ್ಲಿತ್ತು, ಅವರು ಹೋದರು. ವಾರಸುದಾರರೆಲ್ಲ ಸಹಿ ಹಾಕಬೇಕಂತೆ, ನೀನೂ ಸೇರಿ. "ಅಣ್ಣ ಸತ್ತ ಅಂತ ಬರ್ಕೊಟ್ಬಿಡಮ್ಮ, ಮಕ್ಕಳಿಗೊಂದು ಸೂರಾಗ್ಲಿ" ಎಂದಳು ನಜ್ಲಾ. ಮೂರು ದಿನ ಅವಳ ಜೊತೆ ಮಾತು ಬಿಟ್ಟೆ. ನನ್ನ ಕೈಯಾರೆ ನಿನ್ನನ್ನು ಹೂಳಲೇ?

ನಮ್ಮೂರಿನ ಮುಖ್ತಾರ್ ಅಬು ಫಾರಿಸ್ ಗೊತ್ತಲ್ಲ, ಅವರ ಮುದ್ರೆಯಿಲ್ಲದೆ ಯಾವ ಅರ್ಜಿಯೂ ನಡೆಯುವುದಿಲ್ಲ. ನನ್ನ ಮುಖ ನೋಡಿ, "ಸತ್ತ ಅಂತ ನಾನ್ಯಾಕೆ ಬರೀಲಿ, ಉಮ್ ನಾಸಿಫ್? ನಾಸಿಫನ ತಾಯಿ ಅಂತಲೇ ಅಲ್ವಾ ನಿಮ್ಮನ್ನ ಕರೆಯೋದು" ಎಂದವರೇ ನಿನ್ನ ಹೆಸರಿನ ಮುಂದೆ 'ಪ್ರಯಾಣದಲ್ಲಿದ್ದಾನೆ' ಎಂದು ಬರೆದರು. ದೇಶ ಬಿಟ್ಟವರನ್ನೆಲ್ಲ ನಾವು ಹಾಗೇ ಅನ್ನುವುದಲ್ಲವೇ. ನಿನ್ನ ಸೋದರಮಾವ ಬ್ರೆಜಿಲ್‌ನಲ್ಲಿ ಮೊಮ್ಮಕ್ಕಳನ್ನು ಕಂಡರೂ ಇನ್ನೂ ಪ್ರಯಾಣದಲ್ಲೇ ಇದ್ದಾನೆ. ಆ ಒಂದು ಪದ ನೋಡಿ ನನಗೆಷ್ಟು ಖುಷಿಯಾಯಿತೆಂದರೆ, ಏಲಕ್ಕಿ ಹಾಕಿ ಅವರಿಗೆ ಎರಡು ಸಲ ಕಾಫಿ ಕಾಯಿಸಿಕೊಟ್ಟೆ. ಕಚೇರಿಯವರು ಮಾತ್ರ, "ಪ್ರಯಾಣದಲ್ಲಿದ್ರೆ ಅಲ್ಲಿಂದಲೇ ಸಹಿ ತರ್ಸಿ" ಎಂದರು.

ನಜ್ಲಾಳ ದೊಡ್ಡ ಮಗಳಿಗೆ ನಿನ್ನದೇ ಕಿವಿ, ಅಗಲವಾಗಿ ಚಾಚಿಕೊಂಡಿವೆ. ಪಾಪ, ಹೆಣ್ಣುಮಗು. ನೋಡಿದರೆ ನಗುತ್ತೀಯ.

ಮೇರಿಯಮ್ಮ ನಿನ್ನ ತಲೆ ಕಾಯಲಿ. ಹೊಟ್ಟೆ ತುಂಬ ಊಟ ಮಾಡು.

ನಿನ್ನ ಅಮ್ಮ,
ಊರಿಗೆಲ್ಲ ಇನ್ನೂ ಉಮ್ ನಾಸಿಫ್

ಮರೆತಿದ್ದೆ ಮಗಾ: ಆ ಸಹಿ ನಾನೇ ಹಾಕಿದೆ. ಚಿಕ್ಕವನಿದ್ದಾಗ ನಿನ್ನ ಕೈ ಹಿಡಿದು ಬರೆಸಿದವಳು ನಾನೇ ಅಲ್ಲವೇ. ಅದನ್ನು ಬ್ರೆಜಿಲ್‌ಗೆ ನಿನ್ನ ಮಾವನ ಹತ್ತಿರ ಕಳಿಸಿ, ಅಲ್ಲಿಯ ಲಕೋಟೆಯಲ್ಲಿ ವಾಪಸು ತರಿಸಿದೆ. ಒಪ್ಪಿದರು, ಹಣ ಮಂಜೂರಾಯಿತು. ಇವತ್ತು ಕಾಣೆಯಾದವರ ಪಟ್ಟಿ ಹಿಡಿದು ಒಬ್ಬರು ಬಂದಿದ್ದರು. "ಸಹಿ ಕಳಿಸಿದ್ನಂತೆ, ಮಗ ಸಿಕ್ಕಿದ್ನಂತಲ್ಲಮ್ಮ, ಒಳ್ಳೇದಾಯ್ತು. ಹೆಸರು ಹೊಡೆದುಹಾಕ್ಲಾ?" ಎಂದು ಕೇಳಿದರು. ಬಾಗಿಲಲ್ಲಿ ನಜ್ಲಾ ನಿಂತಿದ್ದಳು. ಹೂಂ ಎಂದುಬಿಟ್ಟೆ. ಇನ್ನು ನಿನ್ನನ್ನು ಯಾರೂ ಹುಡುಕುವುದಿಲ್ಲ. ನೀನೇ ದಾರಿ ಹುಡುಕಿಕೊಂಡು ಬಾ.